ನೆಲಕ್ಕಿಳಿದ ಪೈಲಟ್

ವರ್ಷಗಟ್ಟಲೆ ವಿಮಾನ ಹಾರಿಸಿದ ಪೈಲಟ್ ಅವಳು. ಒಳಗಿವಿ ಕೆಟ್ಟು ತಲೆಸುತ್ತು ಶುರುವಾದ ಮೇಲೆ, ಇನ್ನು ಹಾರುವ ಹಾಗೇ ಇಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಅಂದಿನಿಂದ ಅವಳಿಗೆ ಮೂಗಿನ ತುದಿಯಲ್ಲೇ ಕೋಪ. ಅಡುಗೆಮನೆಯ ಪಾತ್ರೆಗಳಿಗೂ ಅದರ ಬಿಸಿ ತಟ್ಟುತ್ತಿತ್ತು.

ಅವಳ ಗಂಡ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಒಂದು ಭಾನುವಾರ ಅವನು ರಿಮೋಟಿನಿಂದ ಹಾರುವ ಪುಟ್ಟ ವಿಮಾನವೊಂದನ್ನು ತಂದು, ಅವಳನ್ನು ಬಲವಂತವಾಗಿ ಮೈದಾನಕ್ಕೆ ಕರೆದೊಯ್ದ.

ವಿಮಾನ ದೂರ ಹೋಗುವಾಗ ಎಲ್ಲ ಸರಿಯಿತ್ತು. ಅದು ತಿರುಗಿ ಅವಳ ಕಡೆಗೇ ಬರತೊಡಗಿದಾಗ ಎಡ ಬಲವಾಯಿತು, ಬಲ ಎಡವಾಯಿತು. ನಿಜವಾದ ವಿಮಾನ ಎತ್ತ ವಾಲುತ್ತಿದೆ ಎಂದು ಕೂತ ಸೀಟೇ ಹೇಳುತ್ತಿತ್ತು. ಇಲ್ಲಿ ಕಾಲಡಿ ಇದ್ದದ್ದು ಬರೀ ಮಣ್ಣು. ಗಾಬರಿಯಲ್ಲಿ ತಪ್ಪು ಕಡೆ ತಿರುಗಿಸಿದಳು. ವಿಮಾನ ತಲೆಕೆಳಗಾಗಿ ಬಂದು ನೆಲಕ್ಕೆ ಬಡಿಯಿತು.

"ಇದೂ ಒಂದು ಹಾರಾಟಾನಾ?" ಎಂದು ರಿಮೋಟನ್ನು ಅವನ ಕೈಗೆ ತುರುಕಿ ಕೂಗಿದಳು. "ಅದು ಅಲ್ಲೆಲ್ಲೋ ಹಾರುತ್ತೆ, ನಾನಿಲ್ಲಿ ಗೂಟದ ಹಾಗೆ ನಿಂತು ಕತ್ತೆತ್ತಿ ನೋಡ್ಬೇಕು! ಅದಕ್ಕೇನಾಗ್ತಿದೆ ಅಂತ ನಂಗೆ ಗೊತ್ತೇ ಆಗಲ್ಲ!"

ಎಂದೂ ದನಿ ಏರಿಸದ ಗಂಡನೂ ಸಿಡಿದೆದ್ದ. "ನಾನು ಇಷ್ಟು ವರ್ಷ ಮಾಡಿದ್ದೂ ಅದನ್ನೇ ಕಣೇ! ಮೋಡ ಕಟ್ಟಿದಾಗೆಲ್ಲ ಕಿಟಕಿ ಹತ್ರ ಜೀವ ಕೈಯಲ್ಲಿ ಹಿಡ್ಕೊಂಡು ನಿಂತಿರ್ತಿದ್ದೆ. ನನ್ನ ಹತ್ರ ರಿಮೋಟೂ ಇರ್ಲಿಲ್ಲ!"

ಮುರಿದ ರೆಕ್ಕೆಗಳನ್ನು ಆರಿಸಿಕೊಂಡು ಇಬ್ಬರೂ ಮುಖ ಊದಿಸಿಕೊಂಡೇ ಮನೆಯತ್ತ ನಡೆದರು.

"ಇದನ್ನ ಮೊದ್ಲೇ ಯಾಕೆ ಬಾಯ್ಬಿಡ್ಲಿಲ್ಲ?" ಎಂದು ದಾರಿಯಲ್ಲಿ ಸಿಡುಕಿದಳು.

"ನೀನು ಮನೆಗೆ ಬಂದ ತಕ್ಷಣ ಎಲ್ಲ ಮರ್ತೇ ಹೋಗ್ತಿತ್ತು" ಎಂದ ಅವನು, ಇನ್ನೂ ಮುನಿಸಿನಲ್ಲೇ.