ಬೈಠಕ್ಕಿನಲ್ಲಿ ಗಂಗವ್ವನ ತಕರಾರು

ಗೆಳತಿಯರೇ, ಇಂದು ಮಧ್ಯಾಹ್ನ ಹಾನಗಲ್ಲಿನ ಗೌಡರ ಮನೆಯಲ್ಲಿ ಸಂಗೀತದ ಬೈಠಕ್ ಇತ್ತು. ಹೆಂಗಸರನ್ನೆಲ್ಲ ಪರದೆಯ ಹಿಂದೆ ಕೂರಿಸಿದ್ದರು. ನನ್ನ ನೆರೆಮನೆಯ ಗಂಗವ್ವ ತಟ್ಟನೆ ಎದ್ದು, "ಗವಾಯಿಗಳ ಮಾರಿ ನಮಗ ಕಾಣವಲ್ದು, ಪರದೆ ತಗೀರಿ!" ಎಂದು ಕೂಗಿದಳು.

"ಹಾಡು ಕೇಳಾಕ ಮಾರಿ ಯಾಕ ಬೇಕವ್ವ?" ಎಂದರು ಗೌಡರು.

"ಹಂಗಾದ್ರ ನೀವ ಹಿಂದ ಬರ್ರಿ, ನಾವು ಮುಂದ ಕುಂದರ್ತೇವಿ!"

ಗವಾಯಿಗಳು ತಂಬೂರಿ ಕೆಳಗಿಟ್ಟು ನಕ್ಕರು. "ಆಕಿ ಹೇಳೂದು ಖರೇ ಐತ್ರಿ ಗೌಡ್ರ. ಪರದೆ ತಗದ ಮ್ಯಾಲೆ ಹಾಡ್ತೇನಿ."

ಗೌಡರು ಗೊಣಗುತ್ತಲೇ ಅದನ್ನು ಬಿಚ್ಚಿಸಿದರು. ಬೈಠಕ್ಕಿನಲ್ಲಿ ಹಾಡುವವರನ್ನು ನಾವು ಕಣ್ಣಾರೆ ನೋಡಿದ್ದು ಇದೇ ಮೊದಲು. ನನಗಂತೂ ಕಣ್ಣು ತುಂಬಿ ಬಂತು.

ಚಕ್ಕಡಿಯಲ್ಲಿ ಮರಳುವಾಗ ಗಂಗವ್ವನದು ಹೊಸ ತಕರಾರು: "ಇಷ್ಟೆಲ್ಲಾ ಜಗಳಾಡಿ ನೋಡಾಕ ಕುಂತ್ರ, ಅವರು ಕಣ್ಣು ಮುಚ್ಚಿಗೊಂಡ ಹಾಡಿದ್ರು! ಇರ್ಲಿ, ಮುಂದಿನ ಸಲ ಸೊಸೀನೂ ಕರ್ಕೊಂಡು ಬರ್ತೇನಿ."