ಅಲುಗದೆ ನಿಂತ ಬೆಳಕಿನ ಚುಕ್ಕೆ

ವಿಚಿತ್ರ ಅನುಭವಗಳನ್ನು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಳಗೊಳಗೇ ನಗು. ಅರಸೀಕೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವಳು ನಾನು. ನಮ್ಮ ಸ್ಟಾಫ್ ರೂಮಿನಲ್ಲಿ ಇತಿಹಾಸದ ಮೇಷ್ಟ್ರು ಒಮ್ಮೆ, ಹಳೇಬೀಡಿನ ಗುಡಿಯೊಳಗೆ ಒಬ್ಬರೇ ನಿಂತಿದ್ದಾಗ ಬೆನ್ನ ಹಿಂದೆ ಗೆಜ್ಜೆ ಸದ್ದು ಕೇಳಿಸಿತು ಎಂದರು. "ಟೂರಿಗೆ ಬಂದ ಮಕ್ಕಳಿರಬೇಕು ಬಿಡಿ ಸಾರ್" ಎಂದುಬಿಟ್ಟೆ. ಆ ವಾರವೆಲ್ಲ ಅವರು ನನ್ನ ಜೊತೆ ಟೀ ಕುಡಿಯಲಿಲ್ಲ. ಈಗ ಹೇಳುವ ಸರದಿ ನನ್ನದು. ಇದರಲ್ಲಿ ಗೆಜ್ಜೆಯೂ ಇಲ್ಲ, ಕತ್ತಲೆಯೂ ಇಲ್ಲ. ಕೆಲವು ವರ್ಷಗಳ ಹಿಂದೆ, ಹಾಡುಹಗಲಿನಲ್ಲಿ, ಜಾವಗಲ್ಲಿನ ಒಂದು ಮನೆಯಲ್ಲಿ ನಡೆದದ್ದು. ನಗಬೇಕೆನಿಸಿದರೆ ನಗಿ, ಆದರೆ ಪೂರ್ತಿ ಕೇಳಿ ನಗಿ.

ನಲವತ್ತು ದಾಟಿದ ಮೇಲೆ ನಾನು ಪಿಎಚ್‌ಡಿಗೆ ಸೇರಿಕೊಂಡೆ. ವಿಷಯ, ಗಾಜಿಗೆ ವಯಸ್ಸಾಗುವುದು. ಕರಗಿದ ಗಾಜನ್ನು ಸರಕ್ಕನೆ ತಣಿಸಿದರೆ ಅದರೊಳಗಿನ ಕಣಗಳಿಗೆ ತಮ್ಮ ತಮ್ಮ ಜಾಗ ಹುಡುಕಿಕೊಳ್ಳಲು ಪುರಸೊತ್ತಿರುವುದಿಲ್ಲ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಹಾಸನದ ಬಸ್ಸಿಗೆ ನುಗ್ಗುವ ಜನರನ್ನು ನೋಡಿ. ಸಿಕ್ಕಲ್ಲಿ ಕೂತುಬಿಡುತ್ತಾರೆ. ಬಸ್ ಹೊರಟ ಮೇಲೆ ಸ್ವಲ್ಪ ಸರಿಯಿರಿ, ಈ ಚೀಲ ಆ ಕಡೆ ಇಡಿ ಎಂದು ಹೊಂದಿಸಿಕೊಳ್ಳುತ್ತಾ ಹೋಗುತ್ತಾರೆ. ಮೊದಮೊದಲು ಗಲಾಟೆ ಜಾಸ್ತಿ, ಆಮೇಲಾಮೇಲೆ ಕಡಿಮೆ, ಆದರೆ ಪೂರ್ತಿ ನಿಲ್ಲುವುದೇ ಇಲ್ಲ. ಗಾಜೂ ಹಾಗೆಯೇ.

ಇದನ್ನು ಕಣ್ಣಾರೆ ನೋಡಲು ನಾನು ಮಾಡಿಕೊಂಡಿದ್ದ ಏರ್ಪಾಡು ಸರಳವಾದದ್ದು. ಗಾಜನ್ನು ಉರಿಯಲ್ಲಿ ಕಾಯಿಸಿ ಕೂದಲಿಗಿಂತ ಸಣ್ಣ ಎಳೆ ತೆಗೆಯುವುದು, ಅದರ ತುದಿಗೆ ಅಕ್ಕಿಕಾಳಿಗಿಂತ ಚಿಕ್ಕ ಕನ್ನಡಿ ಅಂಟಿಸಿ ಗಾಳಿಯಾಡದ ಗಾಜಿನ ಪೆಟ್ಟಿಗೆಯೊಳಗೆ ತೂಗುಬಿಡುವುದು. ಕನ್ನಡಿಯ ಮೇಲೆ ಲೇಸರ್ ಬೆಳಕು ಬಿಟ್ಟರೆ ಎದುರಿನ ಗೋಡೆಯ ಮೇಲೆ ಕೆಂಪು ಚುಕ್ಕೆ ಮೂಡುತ್ತದೆ. ಆ ಚುಕ್ಕೆ ಎರಡು ಕೆಲಸ ಮಾಡುತ್ತದೆ. ಎಳೆ ಹೊಂದಿಕೊಳ್ಳುತ್ತಿದ್ದಂತೆ ನಿಧಾನವಾಗಿ ಒಂದೇ ಕಡೆಗೆ ಸರಿಯುತ್ತದೆ, ಸರಿಯುತ್ತಲೇ ಸಣ್ಣಗೆ ನಡುಗುತ್ತದೆ. ಈ ನಡುಕ ಶಾಖದ್ದು. ಬಿಸಿ ಅನ್ನುವುದೇ ಕಣಗಳ ಕುಣಿತವಾದ್ದರಿಂದ, ಶಾಖ ಇರುವ ತನಕ ನಡುಕ ಇದ್ದೇ ಇರಬೇಕು. ಬೆಳಕು ಆರಿಸಬಹುದು, ಬಾಗಿಲು ಹಾಕಬಹುದು, ಆ ನಡುಕವನ್ನು ಮಾತ್ರ ಯಾರೂ ನಿಲ್ಲಿಸಲಾರರು.

ಅರಸೀಕೆರೆಯಲ್ಲಿ ನಮ್ಮ ಮನೆ ಇರುವುದು ರೈಲ್ವೆ ಸ್ಟೇಷನ್ನಿನ ಪಕ್ಕ. ಗೂಡ್ಸ್ ಗಾಡಿ ಹೋದಾಗಲೆಲ್ಲ ಚುಕ್ಕೆ ಗೋಡೆ ಬಿಟ್ಟು ಸೂರಿಗೆ ಹಾರುತ್ತಿತ್ತು. ಎರಡು ಬೇಸಿಗೆ ಹೀಗೇ ಹಾಳಾದವು. ಮೈಸೂರಿನಲ್ಲಿದ್ದ ನನ್ನ ಗೈಡ್, "ಈ ಬೇಸಿಗೆಯೂ ಆಗದಿದ್ದರೆ ಕೈಬಿಟ್ಟುಬಿಡಿ" ಎಂದಾಗ ಆಸರೆ ಕೊಟ್ಟವರು ನನ್ನ ಯಜಮಾನರ ಅಕ್ಕ, ಜಾವಗಲ್ಲಿನ ಗಂಗಕ್ಕ. ಭಾವ ಕೊಬ್ಬರಿ ವ್ಯಾಪಾರದ ಮೇಲೆ ವಾರದಲ್ಲಿ ಮೂರ್ನಾಲ್ಕು ದಿನ ಊರಲ್ಲಿರುತ್ತಿರಲಿಲ್ಲ. ಅವರ ಮನೆಯ ಹಿಂಭಾಗದಲ್ಲಿ ದಪ್ಪ ಮಣ್ಣುಗೋಡೆಯ ಕೋಣೆಯೊಂದಿದೆ. ಅದರ ಮೇಲೆ ಅಟ್ಟ, ಅಟ್ಟದ ತುಂಬ ಒಣಗಲು ಬಿಟ್ಟ ತೆಂಗಿನಕಾಯಿ. ಒಂದು ವರ್ಷ ಸುಮ್ಮನೆ ಬಿದ್ದಿದ್ದು, ಒಳಗಿನ ನೀರಿಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುವ ಕಾಯಿಗಳು.

"ರೈಲಿನ ಸದ್ದು ಇಲ್ಲಿಲ್ಲ ಕಣೇ. ಆದ್ರೆ ನನ್ನ ಬಾಯಿ ಐತಲ್ಲ, ಅದ್ಕೇನ್ಮಾಡ್ತೀಯ?" ಎಂದು ಗಂಗಕ್ಕ ನಕ್ಕಿದ್ದರು. ನಿಜ, ಅವರು ಮಾತಿಲ್ಲದೆ ಕೂರುವ ಪೈಕಿ ಅಲ್ಲ. ಆದರೆ ನನ್ನ ಚುಕ್ಕೆಯ ಮೇಲೆ ಅವರಿಗೆ ಅದೇನೋ ಅಕ್ಕರೆ ಬೆಳೆಯಿತು. ಮಧ್ಯಾಹ್ನ ಊಟ ಮುಗಿಸಿ, ಎಲೆಅಡಿಕೆ ತಟ್ಟೆ ಹಿಡಿದು ಬಂದು ಗೋಡೆಗೊರಗಿ ಕೂತು ಅದನ್ನೇ ನೋಡುತ್ತಿದ್ದರು. "ಇವತ್ತು ನಿನ್ ಮಗ ಚೆನ್ನಾಗಿ ಕುಣೀತಾವ್ನೆ" ಎನ್ನುತ್ತಿದ್ದರು. ನನಗೂ ಆ ಮಧ್ಯಾಹ್ನಗಳು ಹಿತವಾಗಿದ್ದವು. ಓಡಾಟದಲ್ಲೇ ಕಳೆದ ನನ್ನ ಜೀವನದಲ್ಲಿ ಅಷ್ಟು ನೆಮ್ಮದಿಯಾಗಿ ಕೂತದ್ದು ಆ ಬೇಸಿಗೆಯಲ್ಲೇ ಇರಬೇಕು.

ಯುಗಾದಿ ಕಳೆದು ಬಿಸಿಲು ಏರಿದ್ದ ಒಂದು ಮಧ್ಯಾಹ್ನ. ಎಳೆಗೆ ಆಗಲೇ ಸಾಕಷ್ಟು ವಯಸ್ಸಾಗಿತ್ತು, ಚುಕ್ಕೆ ಸರಿಯುವುದು ಕಣ್ಣಿಗೆ ಕಾಣದಷ್ಟು ನಿಧಾನವಾಗಿತ್ತು. ಸ್ಟ್ಯಾಂಡಿನ ಮೇಲೆ ಮೊಬೈಲ್ ಇಟ್ಟು ವಿಡಿಯೋ ಮಾಡುತ್ತಿದ್ದೆ. ಗಂಗಕ್ಕ ತಂಗಿಯ ಮಗಳ ಮದುವೆಯ ಸೀರೆ ವಿಷಯ ಹೇಳುತ್ತಿದ್ದವರು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರು.

"ಅಟ್ಟ ಯಾಕೇ ಸುಮ್ಕಾಯ್ತು?"

ಆಗ ನನಗೂ ಗೊತ್ತಾಯಿತು. ಬಿಸಿಲಿಗೆ ಹೆಂಚು, ತೊಲೆ, ಕಾಯಿಗಳ ಚಿಪ್ಪು ಎಲ್ಲ ಸೇರಿ ದಿನವಿಡೀ ಟಿಕ್ ಟಿಕ್ ಎಂದು ಸಣ್ಣ ಸದ್ದು ಮಾಡುತ್ತಿದ್ದವು. ಕೇಳಿ ಕೇಳಿ ನಾವು ಅದನ್ನು ಮರೆತೇಬಿಟ್ಟಿದ್ದೆವು. ಈಗ ಒಂದೂ ಇಲ್ಲ. ತಲೆಯೆತ್ತಿ ನೋಡಿ, ಮತ್ತೆ ಗೋಡೆಯ ಕಡೆ ತಿರುಗಿದೆ. ಚುಕ್ಕೆ ನಿಂತಿತ್ತು.

ನಿಧಾನವಾಗಿದ್ದಲ್ಲ, ನಿಂತೇಬಿಟ್ಟಿತ್ತು. ಗೋಡೆಗೆ ಹಚ್ಚಿದ ಕುಂಕುಮದ ಹಾಗೆ.

ಕನ್ನಡಿ ಪೆಟ್ಟಿಗೆಗೆ ತಗುಲಿರಬೇಕು ಅಂದುಕೊಂಡೆ. ನೀವಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದಿರಿ. ಮುಚ್ಚಳದಲ್ಲಿದ್ದ ರಂಧ್ರದ ಬಿರಡೆ ತೆಗೆದು, ಸ್ಟ್ರಾ ಇಟ್ಟು ಮೆಲ್ಲಗೆ ಊದಿದೆ. ಚುಕ್ಕೆ ಆರಾಮವಾಗಿ ಉಯ್ಯಾಲೆಯಂತೆ ತೂಗಿತು. ಎಲ್ಲಿಯೂ ತಗುಲಿರಲಿಲ್ಲ. ತೂಗಾಟ ಇಳಿಯುತ್ತಾ ಬಂದು, ಮೊದಲಿನ ಜಾಗಕ್ಕೇ ಮರಳಿ, ಮತ್ತೆ ಅಲ್ಲಾಡದೆ ನಿಂತಿತು. ಮತ್ತೊಮ್ಮೆ ಊದಿದೆ, ಮತ್ತೆ ಹಾಗೆಯೇ. ಮುಟ್ಟಿದರೆ ಓಗೊಡುತ್ತದೆ, ಬಿಟ್ಟರೆ ನಡುಗುವುದಿಲ್ಲ. ಇವೆರಡೂ ಒಟ್ಟಿಗೆ ಇರಲು ಸಾಧ್ಯವಿಲ್ಲ ಎಂದು ನಾನೇ ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಥರ್ಮಾಮೀಟರ್ ನೋಡಿದೆ. ಅದೇ ಬೇಸಿಗೆಯ ಸೆಕೆ, ಒಂದಿಷ್ಟೂ ಇಳಿದಿರಲಿಲ್ಲ.

ನನ್ನ ಕೈ ಸ್ಟ್ರಾ ಹಿಡಿದುಕೊಂಡೇ ಇತ್ತು. ಹೆದರಿಕೆಯಾಯಿತೇ ಎಂದರೆ, ಇಲ್ಲ. ಗಂಗಕ್ಕನೂ ಹೆದರಲಿಲ್ಲ. ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನು ಮರೆತು, ಕೆನ್ನೆ ಉಬ್ಬಿಸಿಕೊಂಡು ಹಾಗೇ ಕೂತಿದ್ದರು. ಹೊರಗೆ ಹಿತ್ತಲಲ್ಲಿ ಕೋಳಿಯೊಂದು ಕೊಕ್ ಕೊಕ್ ಎನ್ನುತ್ತಿತ್ತು. ಅಂದರೆ ಲೋಕ ನಿಂತಿರಲಿಲ್ಲ, ನಿಂತದ್ದು ಆ ಕೋಣೆ ಮಾತ್ರ. ಎಷ್ಟು ಹೊತ್ತು ಹಾಗಿದ್ದೆವೋ. ಆಮೇಲೆ ಅಟ್ಟದ ಮೇಲೆ ಎಲ್ಲೋ ಒಂದು ಚಿಪ್ಪು ಟಿಕ್ ಎಂದಿತು, ಹಿಂದೆಯೇ ಮತ್ತೊಂದು. ಗೋಡೆಯ ಮೇಲಿನ ಚುಕ್ಕೆ ನಡುಗತೊಡಗಿತು.

"ಬಂತು ನೋಡು" ಎಂದರು ಗಂಗಕ್ಕ, ಬಸ್ಸು ಬಂತು ಎನ್ನುವಷ್ಟು ಸಹಜವಾಗಿ.

ಬಂದದ್ದು ಮೊದಲಿನಂತೆ ಬರಲಿಲ್ಲ. ವಯಸ್ಸಾಗಿ ಸುಸ್ತಾಗಿದ್ದ ಆ ಎಳೆ ಆಗಷ್ಟೇ ಉರಿಯಿಂದ ತೆಗೆದ ಎಳೆಯಂತೆ ವರ್ತಿಸಿತು. ಚುಕ್ಕೆ ಕಣ್ಣಿಗೆ ಕಾಣುವ ಹಾಗೆ ಬಿರಬಿರನೆ ಸರಿಯುತ್ತಾ ಹೊರಟಿತು. ಯಾರೂ ಅದನ್ನು ಕಾಯಿಸಿರಲಿಲ್ಲ.

ಗೈಡ್ ಮುಂದಿನ ವಾರವೇ ಹಾಸನ, ಹಳೇಬೀಡಿನ ಮೇಲೆ ಕಾರಿನಲ್ಲಿ ಬಂದರು. ವಿಡಿಯೋ ನೋಡಿ ಮೊದಲು ಮೊಬೈಲ್ ಹ್ಯಾಂಗ್ ಆಗಿದೆ ಎಂದರು. ಅದರೊಳಗೆ ಗಂಗಕ್ಕನ ಮಾತು, ಕೋಳಿಯ ಸದ್ದು, ನನ್ನ ಊದುವಿಕೆ ಎಲ್ಲ ಕೇಳಿಸುತ್ತಿದ್ದುದರಿಂದ ಆ ಮಾತು ಕೈಬಿಟ್ಟರು. ಇಡೀ ಏರ್ಪಾಡನ್ನು ಬಿಚ್ಚಿ ನೋಡಿದರು, ಲೇಸರನ್ನೂ ಬದಲಿಸಿ ನೋಡಿದರು. ಕೊನೆಗೆ ಗಂಗಕ್ಕ ಬಡಿಸಿದ ರೊಟ್ಟಿ ತಿನ್ನುತ್ತಾ, "ಈ ಭಾಗ ಬಿಟ್ಟು ಬರೆಯಿರಿ. ಉಳಿದದ್ದೇ ಸಾಕು. ಇದನ್ನು ಸೇರಿಸಿದರೆ ಉಳಿದದ್ದನ್ನೂ ನಂಬುವುದಿಲ್ಲ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಕೆಲವು ದಿನ ಒದ್ದಾಡಿದೆ. ಗಂಗಕ್ಕನನ್ನು ಕೇಳಿದೆ. "ಕಂಡಿದ್ದನ್ನ ಕಂಡೆ ಅನ್ನಕ್ಕೆ ಯಾರಪ್ಪಣೆ ಬೇಕೇ? ಯಾರಾದ್ರೂ ಬ್ಯಾಡ ಅಂದ್ರೆ ನಾನು ಬಂದು ಹೇಳ್ತೀನಿ, ನಾನೂ ನೋಡಿದೀನಿ ಅಂತ" ಎಂದರು. ನಗು ಬಂತು, ಧೈರ್ಯವೂ ಬಂತು. ಪ್ರಬಂಧದಲ್ಲಿ ಅದಕ್ಕೊಂದು ಪುಟ ಕೊಟ್ಟೆ. ಕಂಡದ್ದಿಷ್ಟು, ಕಾರಣ ತಿಳಿಯದು ಎಂದು ಬರೆದೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ನಿವೃತ್ತಿಗೆ ಹತ್ತಿರವಾಗಿದ್ದ ಹೆಂಗಸು, ಬಹಳ ಬಿಗಿ ಎಂದು ಹೆಸರಾದವರು. ಉಳಿದೆಲ್ಲ ಪುಟಗಳನ್ನು ಹಿಂಡಿ ಕೇಳಿದರು. ಆ ಪುಟ ಬಂದಾಗ ಸ್ವಲ್ಪ ಹೊತ್ತು ಅದನ್ನೇ ನೋಡಿ, ಏನೂ ಕೇಳದೆ ಮಗುಚಿದರು. ಡಿಗ್ರಿ ಸಿಕ್ಕಿತು. ಎಲ್ಲರೂ ಊಟಕ್ಕೆ ಹೊರಟಾಗ ವರಾಂಡದಲ್ಲಿ ಅವರು ನನ್ನ ಜೊತೆ ಹಿಂದುಳಿದು, "ಆ ಹೊತ್ತಲ್ಲಿ ನಿಮಗೆ ಏನನ್ನಿಸಿತು?" ಎಂದು ಮೆಲ್ಲಗೆ ಕೇಳಿದರು.

"ಕೆಲಸ ಕೆಟ್ಟಿತು ಅಂತ ಗಾಬರಿಯಾಗಬೇಕಿತ್ತು ಮೇಡಂ. ಆಗಲಿಲ್ಲ. ಇದು ಹೀಗೇ ಇರಲಿ, ನೋಡ್ತಾ ಕೂತಿರೋಣ ಅನ್ನಿಸಿತು."

ಅವರು ತಲೆಯಾಡಿಸಿದರು. "ಹೌದು, ಹಾಗೇ ಅನ್ನಿಸುತ್ತೆ" ಎಂದರು. ಅಷ್ಟರಲ್ಲಿ ಯಾರೋ ಊಟಕ್ಕೆ ಕರೆದರು, ಅವರು ಹೋದರು. ಅವರ ನಂಬರ್ ನನ್ನ ಹತ್ತಿರ ಇದೆ, ನೀವೂ ಎಲ್ಲಾದರೂ ಕಂಡಿದ್ದಿರಾ ಎಂದು ಫೋನ್ ಮಾಡಿ ಕೇಳಬಹುದು. ಇಷ್ಟು ವರ್ಷವಾದರೂ ಕೇಳಿಲ್ಲ.