ಕಪ್ಪು ಕಂಡರೆ ಹಿಗ್ಗುವ ನೊರೆಯಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಟ್ಟೆ ಕಾರ್ಖಾನೆಯ ಹಿಂದಿನ ನಲ್ಲಿಕಟ್ಟೆಯಲ್ಲಿ ಒಬ್ಬರು ತೋಳು ಮೇಲೇರಿಸಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಮುಂದೆ ಸಾಲಾಗಿ ಬಕೆಟ್, ಬಕೆಟ್ ತುಂಬ ಕೂಸುಗಳ ಕಕ್ಕದ ಬಟ್ಟೆ. ಒಂದನ್ನು ಬಿಡಿಸಿ ದೀಪದ ಕಡೆ ಹಿಡಿಯುತ್ತಾರೆ. ನಡುವೆ ಹಸಿರು ಬೆರೆತ ಕಪ್ಪು ಕಲೆ. ನೀವಾದರೆ ಮೂಗು ಮುಚ್ಚಿಕೊಳ್ಳುತ್ತೀರಿ. ಇವರ ಮುಖ ಅರಳುತ್ತದೆ.

“ಶಭಾಷ್ ಸಾಹೇಬ್ರೇ! ನಿನ್ನೇನೂ ಕಪ್ಪು!”

ಹೊಲಿಗೆಗೆ ಬರುವ ಹೆಂಗಸರು ಕೂಸುಗಳನ್ನು ಬಿಟ್ಟುಹೋಗುವ ಕೋಣೆಯೊಂದು ಈ ಕಾರ್ಖಾನೆಯಲ್ಲಿದೆ. ಇವರು ಅಲ್ಲಿನ ಆಯಾ. ತೊಳೆಯುವುದು, ಒಣಹಾಕುವುದು, ಅತ್ತವರನ್ನು ಎತ್ತಿಕೊಳ್ಳುವುದು. ಮೊಣಕೈವರೆಗೂ ಸದಾ ಸೋಪು ಮೆತ್ತಿರುವುದರಿಂದ ಎಲ್ಲರಿಗೂ ನೊರೆಯಮ್ಮ. ಕೋಣೆಯ ಉದ್ಘಾಟನೆಯ ಫೋಟೊ ಗೋಡೆಯಲ್ಲಿದೆ. ಕತ್ತರಿ ಹಿಡಿದವರಿದ್ದಾರೆ, ಕತ್ತರಿಯ ತಟ್ಟೆ ಹಿಡಿದವರಿದ್ದಾರೆ, ಸುಮ್ಮನೆ ನುಗ್ಗಿ ನಿಂತವರೂ ಇದ್ದಾರೆ. ಅಂಚಿನಲ್ಲಿ ನೊರೆ ಹತ್ತಿದ ಒಂದು ಮೊಣಕೈ ಕಾಣುತ್ತದೆ. ಅದು ಇವರದ್ದು.

ಸಾಹೇಬ ಅಂದರೆ ಅಂಗಿಗಳಿಗೆ ಗುಂಡಿಮನೆ ಹೊಲಿಯುವಾಕೆಯ ಮಗ. ಎಂಟು ತಿಂಗಳಿಗೆ ಇಲ್ಲಿ ಬಂದಾಗ ಕಾಗದದ ಹಾಗೆ ಬಿಳಿಚಿಕೊಂಡಿದ್ದ. ತೆವಳುವುದಿಲ್ಲ, ಆಟಿಕೆ ತೋರಿಸಿದರೆ ಕೈ ಚಾಚುವುದಿಲ್ಲ. “ಕೂತಲ್ಲೇ ಎಲ್ರನ್ನೂ ನೋಡೋನು, ಕೆಲಸ ಮಾತ್ರ ಏನೂ ಮಾಡ್ತಿರ್ಲಿಲ್ಲ. ಅದಕ್ಕೇ ಸಾಹೇಬ ಅಂದೆ” ಎಂದು ನಗುತ್ತಾರೆ ನೊರೆಯಮ್ಮ.

ವಾರಕ್ಕೊಮ್ಮೆ ಬರುವ ನರ್ಸ್ ರಕ್ತ ನೋಡಿದಾಗ ನಗುವ ವಿಷಯವಾಗಿರಲಿಲ್ಲ. ಕೂಸಿಗೆ ರಕ್ತ ಕಮ್ಮಿ, ತಾಯಿಗೂ ಕಮ್ಮಿ. ಕೂಸು ಹೊಟ್ಟೆಯಲ್ಲಿರುವಾಗಲೇ ತಾಯಿಯಿಂದ ಕಬ್ಬಿಣಾಂಶದ ಬುತ್ತಿ ಕಟ್ಟಿಸಿಕೊಂಡು ಬರುತ್ತದೆ ಎಂದು ನರ್ಸ್ ಬಿಡಿಸಿ ಹೇಳಿದರು. ತಾಯಿಗೇ ಇಲ್ಲದಿದ್ದರೆ ಬುತ್ತಿ ಸಣ್ಣದು, ಬೇಗ ಬರಿದಾಗುತ್ತದೆ. ಎದೆಹಾಲಿನಲ್ಲಿ ಕಬ್ಬಿಣಾಂಶ ಇರುವುದೇ ಸ್ವಲ್ಪ, ಗಟ್ಟಿಮುಟ್ಟಾದ ತಾಯಿಯದ್ದೂ ಅಷ್ಟೇ. ಹಾಗಾಗಿ ತಾಯಿಗೆ ಗುಳಿಗೆ, ಕೂಸಿಗೆ ಐರನ್ ಹನಿ, ಜೊತೆಗೆ ಹಿಸುಕಿದ ಬೇಳೆ, ಮೊಟ್ಟೆ. ಹಾಲು ಮಾತ್ರ ನಿಲ್ಲಿಸಕೂಡದು.

ಮನೆಯಲ್ಲಿ ಅತ್ತೆಯ ತೀರ್ಪು ಬೇರೆಯೇ ಇತ್ತು: “ನಿನ್ನ ಹಾಲು ಬರೀ ನೀರು. ನನ್ನ ಮೊಮ್ಮಗನ್ನ ಒಣಗಿಸ್ತಿದೀಯ. ಮುಂದಿನ ಸಲ ರಕ್ತ ಏರದಿದ್ರೆ ಹಾಲು ಬಿಡಿಸ್ತೀನಿ, ಡಬ್ಬಿ ಹಾಲು ಹಾಕಿ ನಾನೇ ಸಾಕ್ತೀನಿ.”

ಎಲ್ಲಿಯ ನ್ಯಾಯ ಇದು? ಬಸುರಿಯಾಗಿದ್ದಾಗ ಆಕೆಯ ತಟ್ಟೆಗೆ ಬಿದ್ದದ್ದು ಎಲ್ಲರೂ ತಿಂದು ಮಿಕ್ಕಿದ್ದು. ಆಗ ಯಾರೊಬ್ಬರೂ ಬಾಯಿ ಬಿಡಲಿಲ್ಲ. ಈಗ ಕೂಸು ಬಿಳಿಚಿಕೊಂಡರೆ ಎಲ್ಲರ ಬೆರಳೂ ಆಕೆಯ ಎದೆಯ ಕಡೆಗೆ!

ದಿನಾ ಬೆಳಗ್ಗೆ ಕೂಸಿಗೆ ಸ್ನಾನ ಮಾಡಿಸಿ ಹನಿ ಹಾಕುವ ಕೆಲಸವೂ ಅತ್ತೆಯದ್ದೇ. ಹನಿ ಒಳಗೆ ಹೋದರೆ ಕಕ್ಕ ಕಪ್ಪಾಗುತ್ತದೆ, ಗಾಬರಿಯಾಗಬೇಡಿ ಎಂದು ನರ್ಸ್ ಕೋಣೆಯವರಿಗೆಲ್ಲ ಹೇಳಿದ್ದರು. ನೊರೆಯಮ್ಮನಿಗೆ ಅದು ತಲೆಯಲ್ಲಿ ಕೂತುಬಿಟ್ಟಿತ್ತು. “ತೊಳೀತೀನಿ, ತೊಳೀತೀನಿ, ಸಾಹೇಬ್ರದ್ದು ಹಳದಿನೇ. ಹಂಗಾದ್ರೆ ಹನಿ ಹೋಗ್ತಿರೋದು ಎಲ್ಲಿಗೆ?” ತಾಯಿಯನ್ನು ಕೇಳಿದರೆ, “ಅತ್ತೆ ದಿನಾ ಹಾಕ್ತಾರಲ್ಲಕ್ಕಾ” ಎಂದಳು.

ಅವತ್ತು ಕೆಲಸ ಮುಗಿದದ್ದೇ ನೊರೆಯಮ್ಮ ಕಾಗದದಲ್ಲಿ ಏನೋ ಸುತ್ತಿಕೊಂಡು ಸೀದಾ ಅವರ ಮನೆಗೆ ಹೋದರು. ಅತ್ತೆಯ ಮುಂದೆ ಬಿಚ್ಚಿಟ್ಟರು. ಕಪ್ಪು ಕಕ್ಕದ ಬಟ್ಟೆ.

“ಥೂ! ಇದನ್ನ ಮನೆಯೊಳಗೆ ತಂದ್ಯಲ್ಲೇ! ತೊಳೆದಾದ್ರೂ ತರಬಾರ್ದಾ?”

“ಸಾಕ್ಷಿ ತೊಳೀಬಾರ್ದು ಅಮ್ಮಾ. ನಿಮ್ಮ ಮೊಮ್ಮಗಂದು ಯಾಕೆ ಹಿಂಗಿಲ್ಲ?”

ಅತ್ತೆ ಕಾಗದ ಮಡಿಸಿ ಪಕ್ಕಕ್ಕೆ ತಳ್ಳಿದರು. ಆಮೇಲೆ ಬಾಯಿಬಿಟ್ಟರು. ಹನಿ ಹಾಕಿದ ಎರಡನೇ ದಿನವೇ ಕಪ್ಪು ಕಂಡಿತ್ತು. ಕರುಳು ಸುಟ್ಟುಹೋಗುತ್ತಿದೆ ಎಂದು ಹೆದರಿ, ಬಾಟಲಿಯನ್ನೇ ಬಚ್ಚಲಿಗೆ ಬಗ್ಗಿಸಿದ್ದರು. “ಸೊಸೆಗೆ ಹೇಳಿದ್ರೆ ಮುದುಕಿಗೆ ತಲೆ ಕೆಟ್ಟಿದೆ ಅಂತಾಳೆ ಅಂತ ಸುಮ್ಮನಿದ್ದೆ ಕಣೇ.”

“ಈ ಬಟ್ಟೆ ಸೂಪರ್‌ವೈಸರ್ ಮಗಳದ್ದು. ಅವಳಿಗೂ ಇದೇ ಹನಿ ಹಾಕ್ತಾರೆ. ದಿನಾ ನನ್ನ ಕೂದ್ಲು ಕಿತ್ತು ಕೈಗೆ ಕೊಡ್ತಾಳೆ. ಕರುಳು ಸುಟ್ಟಿರೋ ಮಗು ಕೂದ್ಲು ಕೀಳುತ್ತಾ ಅಮ್ಮಾ?”

ಮರುದಿನ ಹೊಸ ಬಾಟಲಿ ಬಂತು. ಇನ್ನೆರಡು ತಿಂಗಳು ಕಾಯಿರಿ, ಆಮೇಲೆ ನಿಮ್ಮ ತೀರ್ಪು ಹೇಳಿ ಎಂದು ಅತ್ತೆಯಿಂದ ಮಾತು ತೆಗೆದುಕೊಂಡವರು ನರ್ಸ್. ಆ ಎರಡು ತಿಂಗಳು ಇವತ್ತಿಗೆ ಮುಗಿದಿದೆ.

ಬಿಸಿಲು ಕೋಣೆಯೊಳಗೆ ಬರುವ ಹೊತ್ತಿಗೆ ನರ್ಸ್ ಬಂದು ಸಾಹೇಬನ ಬೆರಳು ಚುಚ್ಚುತ್ತಾರೆ. ಕಿಟಾರನೆ ಕಿರುಚಿ ಅವರ ಕನ್ನಡಕಕ್ಕೇ ಕೈ ಹಾಕುತ್ತಾನೆ. ತಾಯಿ ಅಂಗಿಗೆಲ್ಲ ದಾರದ ಚೂರು ಅಂಟಿಸಿಕೊಂಡು, ಹೊಲಿಗೆ ಮಷಿನ್ ಬಿಟ್ಟು ಓಡಿಬಂದಿದ್ದಾಳೆ, ಆಕೆಯ ಬೆರಳಿಗೂ ಸೂಜಿ. ಅತ್ತೆ ಬಾಗಿಲಲ್ಲೇ ನಿಂತಿದ್ದಾರೆ. ನೊರೆಯಮ್ಮ ಒಂದೇ ಬಟ್ಟೆಯನ್ನು ಮತ್ತೆ ಮತ್ತೆ ಹಿಂಡುತ್ತಿದ್ದಾರೆ, ಅದರಲ್ಲಿ ನೀರೇ ಉಳಿದಿಲ್ಲ.

“ಆವತ್ತು ರಕ್ತ ಎಂಟೂ ಇರ್ಲಿಲ್ಲ” ಎನ್ನುತ್ತಾರೆ ನರ್ಸ್, ರಕ್ತ ಅಳೆಯುವ ಪುಟ್ಟ ಮಷಿನ್ ತಿರುಗಿಸಿ ತೋರಿಸುತ್ತ. “ಹತ್ತೂವರೆ ದಾಟಿದೆ! ತಾಯಿಯದ್ದೂ ಏರಿದೆ. ಹಾಲು ನೀರಾಗಿದ್ರೆ ಇವನು ಹಿಂಗೆ ಕಿರುಚ್ತಿದ್ನಾ ಅಮ್ಮಾ?”

ತಾಯಿ ಅಲ್ಲೇ ನೆಲದ ಮೇಲೆ ಕೂತು ಮಗನನ್ನು ಎದೆಗೆ ಹಚ್ಚಿಕೊಳ್ಳುತ್ತಾಳೆ. ಅಳು, ನಗು ಎರಡೂ ಒಟ್ಟಿಗೇ. ಅತ್ತೆ ಪಕ್ಕದಲ್ಲಿ ಕೂತು ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ. “ಕುಡಿಸು, ಕುಡಿಸು. ನಿನ್ನ ಗುಳಿಗೆ ಆಯ್ತಾ? ಎರಡು ಮೊಟ್ಟೆ ಹಾಕಿದೀನಿ. ಇಲ್ಲೇ ನನ್ನ ಕಣ್ಮುಂದೆ ತಿನ್ನು, ಮನೆಯವರಿಗೆ ಆಮೇಲೆ ನೋಡೋಣ.”

ಹಾಲು ಮುಗಿದದ್ದೇ ಸಾಹೇಬ ಸರಸರ ತೆವಳಿ ನೊರೆಯಮ್ಮನ ಬಕೆಟ್ಟಿಗೆ ಕೈ ಹಾಕಿ ಉರುಳಿಸುತ್ತಾನೆ. ಕೋಣೆಯೆಲ್ಲ ನೊರೆ. “ಅಯ್ಯೋ ನನ್ನಪ್ಪಾ, ಕೊನೆಗೂ ಕೆಲಸಕ್ಕೆ ಬಂದ್ಯಾ!” ಎಂದು ಎತ್ತಿ ಮುದ್ದಿಸುತ್ತಾರೆ.

ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳಿದರೆ, ನೆಲ ಒರೆಸುತ್ತಲೇ ಹೇಳುತ್ತಾರೆ: “ನನ್ನ ಬಗ್ಗೆ ಏನಿದೆ? ಒಂದು ಗಟ್ಟಿ ಬ್ರಷ್ ಬೇಕು ಅಂತ ಬರೀರಿ. ಹನಿ ಹಾಕೋ ಕೂಸುಗಳ ಬಟ್ಟೆ ಈಗ ಒಂದೂ ಹಳದಿ ಬರಲ್ಲ. ಉಜ್ಜಿ ಉಜ್ಜಿ ನನ್ನ ಕೈ ಬಿದ್ದುಹೋಗಿದೆ.”

ಕೈ ಬಿದ್ದುಹೋಗಿದೆ ಎನ್ನುವವರ ಮುಖದಲ್ಲಿ ಇಷ್ಟು ಹಿಗ್ಗನ್ನು ನಾನಂತೂ ಕಂಡಿಲ್ಲ.